ಬರುವಾಗಲೇ ಇದ್ದದ್ದು

ಅಜ್ಜ ಟೆಲಿಸ್ಕೋಪು ತಂದ ದಿನ ಮನೆಯಲ್ಲಿ ಯಾರೂ ಅವರನ್ನು ಬೈಯಲಿಲ್ಲ. ಬೈಯಲು ಯಾರಿಗೂ ಪುರುಸೊತ್ತಿರಲಿಲ್ಲ, ಅಷ್ಟೆ. ಸೊಸೆ ಹಿತ್ತಿಲಿನಲ್ಲಿ ನಲವತ್ತು ಮೇಜುಬಟ್ಟೆ ಒಣಹಾಕುತ್ತಿದ್ದಳು. ಮಗ ಬೆಳಗಿನ ಪಾಳಿಯ ಬಸ್ಸು ಓಡಿಸಿ ಬಂದು ಗೊರಕೆ ಹೊಡೆಯುತ್ತಿದ್ದ. ಮೊಮ್ಮಗಳು ಮರುದಿನದ ಪರೀಕ್ಷೆಗೆ ಅಂದೇ ಮೊದಲ ಸಲ ಪುಸ್ತಕ ಬಿಡಿಸಿದ್ದಳು. ಹಾಗಾಗಿ ತೋಳುದ್ದದ ಬಿಳಿ ಕೊಳವೆಯೊಂದು ಮೂರು ಕಾಲಿನ ಸ್ಟ್ಯಾಂಡಿನ ಸಮೇತ ಮುಂಬಾಗಿಲಿನಿಂದ ಬಂದು, ಅಡುಗೆಮನೆ ದಾಟಿ, ಹಿತ್ತಿಲು ಸೇರುವವರೆಗೆ ಯಾರೂ ಚಕಾರ ಎತ್ತಲಿಲ್ಲ.

ಅಜ್ಜ ನಲವತ್ತೊಂದು ವರ್ಷ ಗಡಿಯಾರ ರಿಪೇರಿ ಮಾಡಿದವರು. ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒಂದು ಬಾಗಿಲಿನಷ್ಟೇ ಅಗಲದ ಜಾಗ ಅವರದು. ಬೀದಿಗೆಲ್ಲ ಅವರು ಗಡಿಯಾರದಜ್ಜ. ಈಚೆಗೆ ಜನ ಹೊತ್ತು ನೋಡುವುದೂ ಫೋನಿನಲ್ಲೇ ಆದ್ದರಿಂದ ಎರಡು ತಿಂಗಳ ಕೆಳಗೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದರು. ಕೂತಿದ್ದರು ಅನ್ನುವುದು ಬರೀ ಮಾತಿಗೆ. ಬಾಗಿಲಿನ ಚಿಲಕ, ಮೊಮ್ಮಗಳ ಛತ್ರಿ, ಗ್ಯಾಸ್ ಒಲೆಯ ಗುಂಡಿ ಎಲ್ಲವನ್ನೂ ರಿಪೇರಿ ಮಾಡಿ ಮುಗಿಸಿ, ಕೆಡದೇ ಇದ್ದದ್ದನ್ನೂ ಬಿಚ್ಚತೊಡಗಿದ್ದರು. ಕೊನೆಗೆ ಅಂಗಡಿಯಲ್ಲಿ ಉಳಿದಿದ್ದ ಸ್ಪ್ರಿಂಗು, ಮುಳ್ಳು, ಚಕ್ರಗಳ ಡಬ್ಬಿಗಳನ್ನೆಲ್ಲ ಹಳೇ ಸಾಮಾನಿನವನಿಗೆ ಕೊಟ್ಟು ಬದಲಿಗೆ ಇದನ್ನು ತಂದಿದ್ದರು. ಅವನು ಅದಕ್ಕೆ ಟೋಪಿ ನೇತುಹಾಕುತ್ತಿದ್ದನಂತೆ.

ಕೊನೆಯ ಮೇಜುಬಟ್ಟೆಗೆ ಕ್ಲಿಪ್ಪು ಹಾಕಿ ತಿರುಗಿದ ಸೊಸೆ, ತನ್ನ ಐದು ತಂತಿಗಳ ನಡುವೆ ನಿಂತಿದ್ದ ಆ ಮೂರು ಕಾಲಿನದನ್ನು ನೋಡಿದಳು.

"ಏನ್ ಮಾವ ಇದು?"

"ಚಂದ್ರನ್ನ ನೋಡೋದಮ್ಮ."

"ಚಂದ್ರ ಬರಿಗಣ್ಣಿಗೇ ಕಾಣ್ತಾನಲ್ಲ."

"ಬರಿಗಣ್ಣಿಗೆ ಗಡಿಯಾರಾನೂ ಕಾಣುತ್ತೆ. ಒಳಗೇನಿದೆ ಅಂತ ಕಾಣುತ್ತಾ?"

ಸೊಸೆ ಸಾಬೂನಿನ ನೀರು ತುಂಬಿದ ಬಕೆಟ್ಟು ಎತ್ತಿಕೊಂಡು, ಆರು ಗಂಟೆಗೆ ಬಟ್ಟೆ ತೆಗೆದ ಮೇಲೆ ಏನು ಬೇಕಾದರೂ ನೋಡಿಕೊಳ್ಳಿ, ಅದಕ್ಕೆ ಮುಂಚೆ ಇದು ಗೋಡೆಯ ಪಕ್ಕ ಇರಲಿ ಎಂದಳು. ಅವಳದು ಯಾವಾಗಲೂ ಅಳತೆಯ ಮಾತು.

ಅವಳ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಒಂಬತ್ತು ವರ್ಷ ಅವಳು ಊರಿನ ಆಚೆಯ ದೊಡ್ಡ ಲಾಂಡ್ರಿಯಲ್ಲಿ ಬಿಸಿ ಹಬೆಯ ನಡುವೆ ನಿಂತು ದುಡಿದಿದ್ದಳು. ಒಮ್ಮೆ ಯಾರದೋ ಕೋಟಿನ ಮೇಲೆ ಯಾರೋ ಮಾಡಿದ ಕಲೆಗೆ ಎಲ್ಲರ ಎದುರು ಅವಳು ಕ್ಷಮೆ ಕೇಳಬೇಕಾಯಿತು. ಮಾರನೆಯ ದಿನದಿಂದ ಅವಳು ಅಲ್ಲಿಗೆ ಹೋಗಲಿಲ್ಲ. ಮನೆಯಲ್ಲೇ ಒಗೆಯುವ ಕೆಲಸ ಶುರುಮಾಡಿದಳು. ಅಂದಿನಿಂದ ಅವಳದು ಒಂದೇ ಕಟ್ಟುನಿಟ್ಟು: ಮೊದಲು ಫೋಟೋ, ಆಮೇಲೆ ನೀರು. ಬಂದ ಬಟ್ಟೆಯನ್ನು ಕಪ್ಪು ಸಿಮೆಂಟಿನ ನೆಲದ ಮೇಲೆ ಹರಡಿ, ಕಲೆ ಇದ್ದಲ್ಲಿ ಒಂದು ಬಿಳಿ ಚೀಟಿ ಇಟ್ಟು, ಸ್ಟೂಲು ಹತ್ತಿ ಮೇಲಿನಿಂದ ಫೋಟೋ ತೆಗೆಯುತ್ತಿದ್ದಳು. ಚೀಟಿಯ ಮೇಲೆ ಅವಳದೇ ಕೈಬರಹದಲ್ಲಿ "ಬರುವಾಗಲೇ ಇದ್ದದ್ದು" ಎಂದಿರುತ್ತಿತ್ತು. ನಾಲ್ಕು ವರ್ಷದಲ್ಲಿ ಯಾರೂ ಅವಳ ಕೆಲಸಕ್ಕೆ ಬೆರಳು ತೋರಿಸಿರಲಿಲ್ಲ. ಹಿಂದಿನ ಮೈದಾನದ ಆಚೆ, ಅರ್ಧ ಮೈಲಿ ದೂರದಲ್ಲಿದ್ದ ಮೂರು ಮಹಡಿಯ ಸಭಾಭವನದವರು ಮೇಜುಬಟ್ಟೆಗಳನ್ನೆಲ್ಲ ಅವಳಿಗೇ ಕೊಡುತ್ತಿದ್ದರು. ಅವಳ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ.

ಮೊದಲ ವಾರ ಅಜ್ಜ ಬರೀ ನೋಡಿದರು. ಏಳನೆಯ ದಿನ, ಕಂಡದ್ದನ್ನು ಹಿಡಿದಿಡಬೇಕು ಅನ್ನಿಸಿತು. ಕಣ್ಣಿಡುವ ಗಾಜಿಗೆ ತಮ್ಮ ಫೋನನ್ನು ಹಿಡಿದು ಫೋಟೋ ತೆಗೆದರು. ಅವರ ಫೋನು ಗುಂಡಿ ಒತ್ತುವ ಕಾಲದ್ದು, ಅದರಲ್ಲಿ ಚಂದ್ರ ಬಲ್ಬಿನ ಹಾಗೆ ಬಂದ. ಮಗನ ಫೋನಿನ ಗಾಜು ಒಡೆದಿತ್ತು. ಮೊಮ್ಮಗಳು ತನ್ನ ಫೋನನ್ನು ಕೊಡುವುದಕ್ಕಿಂತ ಒಂದು ಕಿಡ್ನಿ ಕೊಡುವುದು ಸುಲಭ ಎಂದು ಮೊದಲೇ ಹೇಳಿಬಿಟ್ಟಳು. ಮನೆಯಲ್ಲಿ ಒಳ್ಳೆಯ ಕ್ಯಾಮೆರಾ ಇದ್ದದ್ದು ಸೊಸೆಯ ಫೋನಿನಲ್ಲಿ. ಕಲೆಗಳಿಗೆಂದೇ ಕೊಂಡದ್ದು ಅದು.

ಊಟದ ಹೊತ್ತಿಗೆ ಮಾತುಕತೆ ನಡೆಯಿತು. ಅಜ್ಜ ಮಗನಿಗೆ ಹೇಳಿದರು, ಮಗ ಹೆಂಡತಿಯ ಮುಖ ನೋಡಿದ, ಅವಳು ಆಲೂಗಡ್ಡೆ ಬಡಿಸುತ್ತಾ ಸಂಜೆ ಆರೂವರೆಯಿಂದ ಏಳೂವರೆ ತನಕ ಎಂದಳು. ಎಂಟಕ್ಕೆ ಸಭಾಭವನದಿಂದ ಮರುದಿನದ ಬಟ್ಟೆಯ ಲೆಕ್ಕ ಹೇಳಲು ಫೋನು ಬರುತ್ತಿತ್ತು. ಅಷ್ಟರೊಳಗೆ ಫೋನು ಅವಳ ಕೈಯಲ್ಲಿರಬೇಕು. ಅಜ್ಜ ಆ ಖುಷಿಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಕೈಯಲ್ಲಿ ಹಿಡಿದರೆ ಚಿತ್ರ ನಡುಗುತ್ತಿತ್ತು. ಗಡಿಯಾರದ ಮುಳ್ಳನ್ನು ಉಸಿರು ಬಿಗಿಹಿಡಿದು ಕೂರಿಸಿದ ಕೈಗಳಿಗೆ ಇದು ಅವಮಾನ. ಅಜ್ಜ ಸಾಬೂನಿನ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ಹಳೆಯ ಗಡಿಯಾರದ ಪಟ್ಟಿ ಕಟ್ಟಿ, ಬಟ್ಟೆ ಕ್ಲಿಪ್ಪುಗಳಿಂದ ಬಿಗಿದು ಫೋನಿಗೊಂದು ಹಿಡಿಕೆ ಮಾಡಿದರು. ಸೊಸೆಯ ಬುಟ್ಟಿಯಿಂದ ಹನ್ನೊಂದು ಕ್ಲಿಪ್ಪು ಕಾಣೆಯಾದವು. ಕೇಳಿದ್ದಕ್ಕೆ ಅಜ್ಜ ಆಕಾಶ ನೋಡಿದರು.

ಬೆಳಕು ಕಡಿಮೆ ಮಾಡುವುದು ಹೇಗೆ ಎಂದು ಮೊಮ್ಮಗಳು ತೋರಿಸಿಕೊಟ್ಟಳು: ಪರದೆಯ ಮೇಲೆ ಚಂದ್ರನನ್ನು ಬೆರಳಿನಿಂದ ಒತ್ತಿ ಕೆಳಗೆ ಎಳೆಯಬೇಕು, ಇಲ್ಲದಿದ್ದರೆ ಬರೀ ಬಿಳಿ ದುಂಡು ಬರುತ್ತದೆ. ಫೋಟೋಕ್ಕಿಂತ ವಿಡಿಯೋ ಮೇಲು ಎಂದೂ ಅವಳೇ ಕಂಡುಹಿಡಿದಳು. ಒಂದು ನಿಮಿಷದ ವಿಡಿಯೋದಲ್ಲಿ ಸಾವಿರದೆಂಟುನೂರು ಚಿತ್ರ ಇರುತ್ತವೆ. ಅಲುಗದೆ ಬಂದ ಒಂದಿನ್ನೂರನ್ನು ಲ್ಯಾಪ್‌ಟಾಪು ಆರಿಸಿ, ಒಂದರ ಮೇಲೊಂದು ಕೂಡಿಸಿ, ಒಂದೇ ಚೊಕ್ಕ ಚಿತ್ರ ಮಾಡಿಕೊಡುತ್ತದೆ. ಹಾಗೆ ತಯಾರಾದ ಮೊದಲ ಅರ್ಧಚಂದ್ರನನ್ನು ಅಜ್ಜ ಕನ್ನಡಕ ಒರೆಸಿಕೊಂಡು ಎರಡನೇ ಸಲ ನೋಡಿದರು. ಬೆಳಕು ನೆರಳು ಸೇರುವ ಗೆರೆಯ ಮೇಲೆ ಕುಳಿಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಪ್ರತಿ ಕುಳಿಗೂ ಒಂದು ಅಂಚು, ಅಂಚಿಗೊಂದು ನೆರಳು.

"ಎಷ್ಟು ಚೆನ್ನಾಗಿ ಜೋಡಿಸಿಟ್ಟಿದಾರೆ," ಎಂದರು ಕೊನೆಗೆ. ಒಳ್ಳೆಯ ಗಡಿಯಾರದ ಹಿಂಬದಿ ಬಿಚ್ಚಿದಾಗ ಅವರು ಹೇಳುತ್ತಿದ್ದ ಮಾತು ಅದು.

ಗಡಿಯಾರದವರ ಚಟ ಸಾಯುವವರೆಗೂ ಹೋಗುವುದಿಲ್ಲ. ಅಜ್ಜನಿಗೆ ಅಂಥವು ಎರಡಿದ್ದವು. ಒಂದು, ಮೇಜು ಖಾಲಿ ಆಗದೆ ಕೆಲಸ ಮುಟ್ಟುವುದಿಲ್ಲ; ಮುಗಿದ ಮೇಲೆ ಕಸದ ಬುಟ್ಟಿಯನ್ನೂ ಅಂದೇ ಖಾಲಿ ಮಾಡಬೇಕು. ಇನ್ನೊಂದು, ಮಾಡಿದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು. ದಿನಾ ಆರೂವರೆಗೆ, ಬೆಳಕಿರುವಾಗಲೇ, ಅವರು ಟೆಲಿಸ್ಕೋಪನ್ನು ಮೈದಾನದಾಚೆಯ ಸಭಾಭವನದ ಕಡೆ ತಿರುಗಿಸುತ್ತಿದ್ದರು. ಮೂರನೇ ಮಹಡಿಯಲ್ಲಿ ಎಡಗಡೆಯ ಕೊನೆಯ ಕಿಟಕಿಗೆ ಇಳಿಬಿಸಿಲು ನೇರ ಬೀಳುತ್ತಿತ್ತು. ಅಲ್ಲಿನ ಪರದೆಯ ಉಂಗುರಗಳನ್ನು ಎಣಿಸಲು ಆದರೆ ಗಾಜು ಸರಿಯಾಗಿ ಕೂತಿದೆ ಎಂದು ಅರ್ಥ. ಪರೀಕ್ಷೆಗೆ ಹತ್ತು ಸೆಕೆಂಡು ವಿಡಿಯೋ ತೆಗೆದು, ಪುಸ್ತಕದಲ್ಲಿ ತಾರೀಕು, ಗಂಟೆ, "ಉಂಗುರ ಹನ್ನೆರಡು, ಸರಿ" ಎಂದು ಬರೆದು, ಆಮೇಲೆ ಚಂದ್ರನ ಕಡೆ ತಿರುಗುತ್ತಿದ್ದರು. ಕನ್ನಡಿಯ ಟೆಲಿಸ್ಕೋಪಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಚಂದ್ರನಿಗೆ ಅದು ತೊಂದರೆಯಲ್ಲ, ಕಿಟಕಿಗಳು ಮಾತ್ರ ಬುಡ ಮೇಲಾಗಿ ನೇತಾಡುತ್ತಿದ್ದವು.

ಮೂರನೇ ವಾರ ಮನೆಯಲ್ಲಿ ಒಂದು ಸಂಭ್ರಮ ಎದ್ದು ಬಿತ್ತು. ಚಂದ್ರನ ಚಿತ್ರಗಳಲ್ಲಿ ಅಜ್ಜನಿಗೆ ಒಂದು ಹೊಸ ಕಪ್ಪು ಮಚ್ಚೆ ಕಂಡಿತು. ಮೊಮ್ಮಗಳು ತಂದುಕೊಟ್ಟ ನಕ್ಷೆಯಲ್ಲಿ ಅಂಥ ಕುಳಿ ಇರಲಿಲ್ಲ. ಅಜ್ಜ ಮಗನನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದರು. ಯಾರಿಗೆ ಪತ್ರ ಬರೆಯಬೇಕು ಎಂಬ ಚರ್ಚೆಯೂ ಆಯಿತು. ಮಡಿಸಿದ ದಿಂಬಿನ ಚೀಲಗಳ ರಾಶಿ ಎದೆಗವಚಿಕೊಂಡು ಹೋಗುತ್ತಿದ್ದ ಸೊಸೆ ನಡಿಗೆ ನಿಲ್ಲಿಸದೆಯೇ ಲ್ಯಾಪ್‌ಟಾಪಿನ ಕಡೆ ಒಂದು ಸಲ ನೋಡಿದಳು.

"ಅದು ಚಂದ್ರನ ಮೇಲಿಲ್ಲ ಮಾವ, ಗಾಜಿನ ಮೇಲಿದೆ."

"ನೀನು ಹೇಗೆ ಹೇಳ್ತೀಯಮ್ಮ? ಒಂದು ಸಲಾನೂ ನೋಡಿಲ್ಲ ಇದರೊಳಗೆ."

"ಬಟ್ಟೇಲಿರೋ ಕಲೆ ಬಟ್ಟೆ ಜೊತೆ ಸರಿಯುತ್ತೆ. ಇಲ್ಲಿ ಚಂದ್ರ ಸರಿದಿದ್ದಾನೆ, ಮಚ್ಚೆ ಇದ್ದಲ್ಲೇ ಇದೆ. ಯಾರೋ ಎಣ್ಣೆ ಕೈ ಇಟ್ಟಿದಾರೆ."

ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಣ್ಣಿಡುವ ಗಾಜನ್ನು ಪರೀಕ್ಷಿಸಿದರು. ಕಡಲೆಯಷ್ಟು ಚಿಕ್ಕ ಎಣ್ಣೆಯ ಗುರುತು. ಆ ದಿನ ಮಧ್ಯಾಹ್ನ ಮೊಟ್ಟೆ ಹುರಿದು ತಿಂದು ಕೈ ತೊಳೆಯದೆ ಹೋಗಿದ್ದವರು ಯಾರು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಮೊಮ್ಮಗಳು ಮಾತ್ರ ಒಂದು ವಾರ ಅವರನ್ನು ವಿಜ್ಞಾನಿಗಳೇ ಎಂದು ಕರೆದಳು.

ಸೊಸೆ ನಿಜಕ್ಕೂ ಒಂದು ಸಲವೂ ಅದರೊಳಗೆ ಕಣ್ಣಿಟ್ಟಿರಲಿಲ್ಲ. ಕರೆದಾಗಲೆಲ್ಲ ಆಮೇಲೆ ಎನ್ನುತ್ತಿದ್ದಳು. ಆಮೇಲೆ ಅನ್ನುವುದು ಇಸ್ತ್ರಿ ಮಾಡುವವರ ಮನೆಯಲ್ಲಿ ಬರುವ ಹೊತ್ತಲ್ಲ.

ಮುಂದಿನ ತಿಂಗಳ ಅರ್ಧಚಂದ್ರನ ಹೊತ್ತಿಗೆ ಸಭಾಭವನದಿಂದ, ಮೇಜುಬಟ್ಟೆಗಳ ಜೊತೆಗೆ, ಮೊದಲ ಸಲ ಮೂರನೇ ಮಹಡಿಯ ಕೆನೆ ಬಣ್ಣದ ಪರದೆಗಳು ಬಂದವು. ಭಾರವಾದ, ಬೆಲೆಬಾಳುವ ಬಟ್ಟೆ. ಒಂದರಲ್ಲಿ ಮೇಲಿನಿಂದ ಕೆಳಗೆ ಇಳಿದ ಕಂದು ಕಲೆ ಇತ್ತು. ತುಕ್ಕು ಎಂದು ಅವಳಿಗೆ ಮೂಸಿ ನೋಡುವ ಮೊದಲೇ ಗೊತ್ತಾಯಿತು. ಚೀಟಿ ಇಟ್ಟು ಫೋಟೋ ತೆಗೆದಳು. ನಿಂಬೆ, ಉಪ್ಪು, ತನ್ನ ಬಾಟಲಿಗಳಲ್ಲಿದ್ದ ಔಷಧಿ ಎಲ್ಲ ಹಾಕಿ ಮುಕ್ಕಾಲು ತೆಗೆದಳು. ಕಾಲು ಉಳಿಯಿತು. ಗಾಡಿಯಲ್ಲಿ ಒಯ್ಯಲು ಬಂದ ಆಳಿಗೆ ಅದನ್ನು ಬಿಡಿಸಿ ತೋರಿಸಿ ಹೇಳಿದಳು. ಅವನು ಹೂಂ ಎಂದು ಹೊತ್ತುಕೊಂಡು ಹೋದ.

ಪರದೆಗಳು ಹೋದ ಮರುದಿನ ಸಂಜೆ ಗಾಳಿ ನಿಂತು ಆಕಾಶ ತೊಳೆದಂತಿತ್ತು. ಅಜ್ಜ ಫೋನನ್ನು ಹಿಡಿಕೆಗೆ ಬಿಗಿದರು. ಜಾಗ ಇಲ್ಲ ಎಂದಿತು ಫೋನು. ಮೊಮ್ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಮೇಜು ಖಾಲಿ ಮಾಡುವುದು ಅಜ್ಜನಿಗೆ ಹೊಸತೇ? ಕನ್ನಡಕ ಒಳಗಿತ್ತು, ಹೋಗಿ ತರುವಷ್ಟರಲ್ಲಿ ಬೆಳಕು ಹೋಗುತ್ತಿತ್ತು. ವಿಡಿಯೋಗಳನ್ನು ಬಿಟ್ಟು ಬರೀ ಫೋಟೋಗಳ ಪಟ್ಟಿ ತೆರೆದರೆ ಉಗುರಿನಷ್ಟಗಲದ ಚೌಕಗಳಲ್ಲಿ ಸಾಲುಸಾಲು ಬಿಳಿ ದುಂಡುಗಳು, ಕಪ್ಪು ಹಿನ್ನೆಲೆ, ಅಲ್ಲಲ್ಲಿ ಬೂದು ಮಚ್ಚೆ. ಬೆಳಕು ಹೆಚ್ಚಾಗಿ ಕೆಟ್ಟುಹೋದ ತಮ್ಮ ಚಂದ್ರರೇ ಇವು ಎಂದುಕೊಂಡರು. ಮೇಲಿನದರ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಎಳೆದು ಅಳಿಸಿದರು. ಅಳಿಸಿದ್ದು ಕಸದ ಬುಟ್ಟಿಗೆ ಹೋಯಿತು ಎಂದು ಫೋನು ತಿಳಿಸಿತು. ಅಜ್ಜ ಬುಟ್ಟಿಯನ್ನೂ ಖಾಲಿ ಮಾಡಿದರು. ಆ ಸಂಜೆಯ ಚಿತ್ರಗಳು ಅದುವರೆಗಿನ ಎಲ್ಲವಕ್ಕಿಂತ ಚೆನ್ನಾಗಿ ಬಂದವು.

ಅವು ಚಂದ್ರರಾಗಿರಲಿಲ್ಲ. ಕಪ್ಪು ನೆಲದ ಮೇಲೆ ಹರಡಿದ ಸಭಾಭವನದ ದುಂಡು ಮೇಜುಬಟ್ಟೆಗಳಾಗಿದ್ದವು, ನಾಲ್ಕು ತಿಂಗಳವು. ನಡುವೆ ಎಲ್ಲೋ ಒಂದು ಪರದೆಯೂ ಇತ್ತು.

ಗೊತ್ತಾದದ್ದು ಆರು ದಿನದ ಮೇಲೆ, ಸಭಾಭವನದ ಮ್ಯಾನೇಜರ ಕೋಣೆಯಲ್ಲಿ. ಅವರು ಸೊಸೆಯನ್ನು ಕರೆಸಿ, ಪರದೆಯನ್ನು ಮೇಜಿನ ಮೇಲೆ ಹರಡಿ, ಇದು ನಿಮ್ಮ ಇಸ್ತ್ರಿಪೆಟ್ಟಿಗೆ ಉಗುಳಿದ ತುಕ್ಕಿನ ನೀರು ಎಂದರು. ಆಳನ್ನು ಕೇಳಿದರೆ ಅವನಿಗೆ ಏನೂ ನೆನಪಿಲ್ಲ. ಸೊಸೆಗೆ ಗಾಬರಿಯಾಗಲಿಲ್ಲ. ಒಂದು ನಿಮಿಷ ಎಂದು ಫೋನು ತೆಗೆದಳು. ಪಟ್ಟಿಯಲ್ಲಿ ಬೆರಳಾಡಿಸಿದಳು. ಮೇಲೆ ಈ ವಾರದ ಮೇಜುಬಟ್ಟೆಗಳು, ಅವುಗಳ ಕೆಳಗೆ ಬರೀ ಚಂದ್ರ. ಅರ್ಧಚಂದ್ರ, ಮುಕ್ಕಾಲು ಚಂದ್ರ, ಮತ್ತೆ ಅರ್ಧಚಂದ್ರ, ಚಂದ್ರನ ಅಂಚು. ಇನ್ನೂ ಕೆಳಗೆ ಹೋದಳು. ಅಲ್ಲೂ ಚಂದ್ರನೇ ಇದ್ದ. ಮ್ಯಾನೇಜರು ಕತ್ತು ಚಾಚಿ ನೋಡಿ, ಏನಮ್ಮ ಇದು ಎಂದರು. ಅವಳು ಮತ್ತೆ ಮೇಲಿನಿಂದ ಹುಡುಕಿದಳು. ಶನಿವಾರದೊಳಗೆ ಅಂಥದೇ ಹೊಸ ಪರದೆ ತಂದುಕೊಡಬೇಕು, ಇಲ್ಲವಾದರೆ ಮೇಜುಬಟ್ಟೆಯ ಕೆಲಸವೂ ಬೇರೆಯವರಿಗೆ ಹೋಗುತ್ತದೆ ಎಂದು ಹೇಳಿ ಅವರು ಕಳಿಸಿದರು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ನಡೆದದ್ದನ್ನು ಹೇಳಿದಳು. ಅಜ್ಜ ಏನನ್ನೂ ಮುಚ್ಚಿಡಲಿಲ್ಲ. ತಾವೇ ಅಳಿಸಿದ್ದು, ಕೆಟ್ಟ ಚಂದ್ರ ಎಂದುಕೊಂಡು ಅಳಿಸಿದ್ದು ಎಂದು ಒಪ್ಪಿಕೊಂಡರು. ಬುಟ್ಟಿಯನ್ನೂ ಖಾಲಿ ಮಾಡಿದೆ ಎನ್ನುವಾಗ ಅವರ ದನಿ ತೀರಾ ಸಣ್ಣದಾಯಿತು. ಮಗ, ಹೋಗಲಿ ಬಿಡು, ಗೊತ್ತಿಲ್ಲದೆ ಆಗಿದ್ದು ಎಂದ. ಅದು ಅವನು ಆಡಬಾರದ ಮಾತು.

"ಹೋಗಲಿ ಅನ್ನೋಕೆ ಹೋಗಿರೋದು ನಿಮ್ಮ ಕೆಲಸ ಅಲ್ವಲ್ಲ," ಎಂದಳು ಸೊಸೆ. ಆಮೇಲೆ ಅಜ್ಜನ ಕಡೆ ತಿರುಗಿದಳು. "ಮಾವ, ನಿಮಗೆ ಅದು ಕೆಟ್ಟ ಫೋಟೋ. ನನಗೆ ಅದು ನನ್ನ ಮಾನ. ಮತ್ತೆ ಆ ಲಾಂಡ್ರಿ ಬಾಗಿಲಿಗೆ ಹೋಗಿ ನಿಲ್ಲು ಅಂದ್ರೆ ನಾನು ನಿಲ್ಲಲ್ಲ."

ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಅಜ್ಜ ಕೈ ತೊಳೆದು ಹಿತ್ತಿಲಿಗೆ ಹೋಗಿ ಟೆಲಿಸ್ಕೋಪಿನ ಸ್ಕ್ರೂಗಳನ್ನು ಬಿಚ್ಚಿ, ಹಳೇ ಹೊದಿಕೆಯಲ್ಲಿ ಸುತ್ತಿ, ಮಂಚದ ಕೆಳಗೆ ತಳ್ಳಿದರು. ಬೆಳಿಗ್ಗೆ ಸೊಸೆಯ ಬುಟ್ಟಿಯಲ್ಲಿ ಹನ್ನೊಂದು ಕ್ಲಿಪ್ಪುಗಳು ತೊಳೆದು ಒರೆಸಿ ಸಾಲಾಗಿ ಕೂತಿದ್ದವು.

ಮುಂದಿನ ಮೂರು ದಿನ ಮಾವ ಸೊಸೆಯ ನಡುವೆ ಮಾತಿಲ್ಲ. ಚಹಾ ಬೇಕೇ ಎಂದು ಕೇಳಬೇಕಾದರೆ ಮೊಮ್ಮಗಳ ಕೈಯಲ್ಲಿ ಹೇಳಿ ಕಳಿಸಬೇಕಿತ್ತು, ಮೊಮ್ಮಗಳು ಅದಕ್ಕೆ ತನ್ನದೂ ಒಂದಿಷ್ಟು ಸೇರಿಸುತ್ತಿದ್ದಳು. ಅಜ್ಜ ಪ್ರಾಯಶ್ಚಿತ್ತಕ್ಕೆಂದು ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕಲು ಕೂತರು. ಅಂಚಿಗೆ ಅಂಚು, ಮೂಲೆಗೆ ಮೂಲೆ, ಒಂದು ಗಂಟೆಗೆ ಮೂರು ಚೀಲ. ಸೊಸೆ ಅದೇ ಹೊತ್ತಿನಲ್ಲಿ ಮೂವತ್ತು ಮುಗಿಸುತ್ತಿದ್ದಳು. ಆದರೂ ಅವಳು ಅವರ ಮೂರನ್ನು ಬಿಚ್ಚದೆ ಎಲ್ಲಕ್ಕಿಂತ ಮೇಲೆ ಇಟ್ಟಳು. ಮಗ ಇಬ್ಬರನ್ನೂ ನಗಿಸಲು ಒಂದು ಸಂಜೆ ತಾನೇ ಅಡುಗೆ ಮಾಡಿದ. ಎಲ್ಲರೂ ಬ್ರೆಡ್ಡು ತಿಂದು ಮಲಗಿದರು.

ಗುರುವಾರ ಸಂಜೆ ಮೊಮ್ಮಗಳು ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪು ತೆರೆದು ಕೂತಿದ್ದಳು. ಅಜ್ಜನ ಮುಖ ನೋಡಲಾಗದೆ, ಇದ್ದ ವಿಡಿಯೋಗಳಲ್ಲೇ ಒಂದು ದೊಡ್ಡ ಚಂದ್ರನನ್ನು ಕೂಡಿಸಿ ಕೊಡೋಣ ಎಂದುಕೊಂಡಿದ್ದಳು. ದಿನಾ ಸಂಜೆ ಅಜ್ಜ ತೆಗೆದದ್ದನ್ನೆಲ್ಲ, ಉಂಗುರ ಎಣಿಸುವ ಪರೀಕ್ಷೆಯ ವಿಡಿಯೋ ಸಮೇತ, ಅವಳು ಇದಕ್ಕೆ ಇಳಿಸಿಟ್ಟಿದ್ದಳು. ಚಂದ್ರ ಯಾವುದು, ಕಿಟಕಿ ಯಾವುದು ಎಂದು ಒಂದೊಂದಾಗಿ ತೆರೆದು ನೋಡುತ್ತಿದ್ದಳು. ಹಿಂದಿನಿಂದ ಇಸ್ತ್ರಿಗೆ ನೀರು ತುಂಬಿಕೊಳ್ಳಲು ಬಂದ ಸೊಸೆ ಈ ಸಲ ನಡಿಗೆ ನಿಲ್ಲಿಸಿದಳು.

"ಹಿಂದೆ ತಗೋ."

"ಅದು ಕಿಟಕಿ ಅಮ್ಮ, ಸುಮ್ನೆ ಪರೀಕ್ಷೆಗೆ..."

"ತಗೋ ಅಂದ್ನಲ್ಲ."

ಕಿಟಕಿಯ ಪರದೆ ತಲೆಕೆಳಗಾಗಿ ನೇತಾಡುತ್ತಿತ್ತು. ಇಳಿಬಿಸಿಲಿನಲ್ಲಿ ಕೆನೆ ಬಣ್ಣ ಹೊಳೆಯುತ್ತಿತ್ತು. ಉಂಗುರಗಳು ಚಿತ್ರದ ಕೆಳಗಿದ್ದವು. ಆರನೆಯ ಉಂಗುರದಿಂದ ಮೇಲಕ್ಕೆ, ಅಂದರೆ ನಿಜದಲ್ಲಿ ಕೆಳಕ್ಕೆ, ಕಂದು ಗೆರೆಯೊಂದು ಹರಿದು ಕೊನೆಯಲ್ಲಿ ಎರಡು ಕವಲಾಗಿತ್ತು. ಸೊಸೆ ಆ ಎರಡು ಕವಲುಗಳ ಮೇಲೆ ನಾಲ್ಕು ಗಂಟೆ ನಿಂಬೆ ಉಜ್ಜಿದ್ದಳು. ತಲೆಕೆಳಗಾದರೇನು, ಅಡ್ಡವಾದರೇನು, ಅವಳಿಗೆ ಅದರ ಗುರುತು ಸಿಗದೆ ಹೋದೀತೇ?

"ಯಾವತ್ತಿಂದು ಇದು?"

ಮೊಮ್ಮಗಳು ತಾರೀಕು ಓದಿದಳು. ಪರದೆಗಳು ಮನೆಗೆ ಬಂದದ್ದು ಅದರ ಮರುದಿನ ಬೆಳಿಗ್ಗೆ.

ಸೊಸೆ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಅವಳ ಕಣ್ಣು ತುಂಬಿ ಬಂತು, ಅದನ್ನು ಸೆರಗಿನಿಂದ ಒರೆಸಿಕೊಂಡು, ಮೂರು ದಿನದ ಮೇಲೆ ಮೊದಲ ಸಲ ಒಳಕೋಣೆಯ ಕಡೆ ತಿರುಗಿ ಕರೆದಳು.

"ಮಾವ, ನಿಮ್ಮ ಪುಸ್ತಕ ತಗೊಂಡು ಬನ್ನಿ."

ಶುಕ್ರವಾರ ಬೆಳಿಗ್ಗೆ ಮೂವರೂ ಹೋದರು. ಅಜ್ಜ ಅಂಗಡಿಗೆ ಹಾಕುತ್ತಿದ್ದ ಕೋಟು ಹಾಕಿಕೊಂಡಿದ್ದರು. ಮ್ಯಾನೇಜರು ವಿಡಿಯೋ ನೋಡಿ, ಇದು ತಲೆಕೆಳಗಿದೆ ಎಂದರು. ಟೆಲಿಸ್ಕೋಪಿನಲ್ಲಿ ಹಾಗೇ ಕಾಣುವುದು, ಬೇಕಾದರೆ ತಿರುಗಿಸಿ ನೋಡಿ ಎಂದಳು ಮೊಮ್ಮಗಳು. ಅವರು ಲ್ಯಾಪ್‌ಟಾಪನ್ನೇ ಎತ್ತಿ ತಿರುಗಿಸಿ ಹಿಡಿದು ನೋಡಿದರು. ಕಲೆ ಕಂಡಿತು. ಆದರೆ ಒಪ್ಪಿಕೊಳ್ಳುವುದು ಅಷ್ಟು ಬೇಗ ಬರುವುದೇ? ತಾರೀಕನ್ನು ಯಾರು ಬೇಕಾದರೂ ಬದಲಾಯಿಸಬಹುದು ಎಂದರು.

ಅಜ್ಜ ಪುಸ್ತಕ ತೆರೆದು ಮುಂದಿಟ್ಟರು. ದಿನಕ್ಕೊಂದು ಸಾಲು, ಎಲ್ಲ ಒಂದೇ ಅಳತೆಯ ಅಕ್ಷರ. ಆ ಮಂಗಳವಾರದ ಸಾಲಿನಲ್ಲಿ ಹೀಗಿತ್ತು: ಸಂಜೆ 6.34. ಉಂಗುರ ಹನ್ನೆರಡು, ಸರಿ. ಪಕ್ಕದ ಕಿಟಕಿಯಲ್ಲಿ ಏಣಿ, ಬಣ್ಣದವನು.

ಮ್ಯಾನೇಜರು ಮತ್ತೆ ಲ್ಯಾಪ್‌ಟಾಪು ಎತ್ತಿ ತಿರುಗಿಸಿದರು. ಚಿತ್ರದ ಅಂಚಿನಲ್ಲಿ, ಅವರೂ ಅದುವರೆಗೆ ಗಮನಿಸದ ಒಬ್ಬ ಮನುಷ್ಯ ಏಣಿಯ ಮೇಲೆ ನಿಂತು ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದ. ಬಣ್ಣದವನು ಬಂದದ್ದು ಒಂದೇ ದಿನ. ಅವನು ಹೋದ ಮೇಲೆ ಪರದೆಗಳನ್ನು ಒಗೆಯಲು ಕಳಿಸಿದ್ದು ಅವರೇ. ಮ್ಯಾನೇಜರ ಮುಖ ಸಪ್ಪಗಾಯಿತು.

ಸೊಸೆ ಅಷ್ಟಕ್ಕೆ ಬಿಡಲಿಲ್ಲ. ಮೇಲೆ ಹೋಗೋಣ ಬನ್ನಿ ಎಂದು ತಾನೇ ಮುಂದಾಗಿ ಮೆಟ್ಟಿಲು ಹತ್ತಿದಳು. ಕೊನೆಯ ಕಿಟಕಿಯ ಬಳಿ ಕುರ್ಚಿ ಎಳೆದು ಹತ್ತಿ, ತನ್ನ ಬಿಳಿ ಕರವಸ್ತ್ರದಿಂದ ಪರದೆಯ ಕಂಬಿಯನ್ನು ಆರನೆಯ ಉಂಗುರದ ಜಾಗದಲ್ಲಿ ಒರೆಸಿದಳು. ಕರವಸ್ತ್ರ ಕಂದಾಯಿತು. ಮೇಲೆ ಸೂರಿನ ಸಂದಿಯಲ್ಲಿ ನೀರು ಇಳಿದ ಗುರುತೂ ಇತ್ತು.

"ಇನ್ನೊಂದು ಮಳೆ ಬಂದ್ರೆ ಹೊಸ ಪರದೆಗೂ ಇದೇ ಗತಿ ಸಾರ್," ಎಂದಳು. "ಮೊದಲು ಕಂಬಿ ಬದಲಾಯಿಸಿ. ಆಮೇಲೆ ಕೊಡಿ, ಉಳಿದ ಕಾಲು ಕಲೇನೂ ತೆಗೆದುಕೊಡ್ತೀನಿ."

ಮ್ಯಾನೇಜರು ತಪ್ಪಾಯಿತು ಎಂದರು. ಮೂವರು ಆಳುಗಳ ಎದುರಿಗೇ ಅಂದರು. ಸೊಸೆ ಆ ಮಾತನ್ನು ಕುರ್ಚಿಯ ಮೇಲೆ ನಿಂತೇ ಕೇಳಿಸಿಕೊಂಡಳು, ಆಮೇಲೆ ನಿಧಾನವಾಗಿ ಇಳಿದಳು. ಇನ್ನು ಮುಂದೆ ಬಟ್ಟೆ ಒಯ್ಯುವವರು ಚೀಟಿಗೆ ಸಹಿ ಹಾಕಬೇಕು ಎಂಬ ಷರತ್ತಿಗೂ ಅವರು ಒಪ್ಪಿದರು. ಬಾಗಿಲವರೆಗೆ ಬಂದು ಅಜ್ಜನನ್ನು ಪಕ್ಕಕ್ಕೆ ಕರೆದು, ನಮ್ಮ ಕಿಟಕಿಗಳೊಳಗೆ ಎಲ್ಲ ಕಾಣುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಅಜ್ಜ, ನಾನು ಉಂಗುರ ಮಾತ್ರ ಎಣಿಸುವುದು ಎಂದು ಮೆಲ್ಲಗೇ ಉತ್ತರಿಸಿದರು.

ಮನೆಗೆ ಬರುವ ದಾರಿಯಲ್ಲಿ ಮಾವ ಸೊಸೆ ಎರಡು ಬೀದಿ ಜೊತೆಯಾಗಿ ನಡೆದರು.

"ಇನ್ನು ನಿನ್ನ ಫೋನು ಮುಟ್ಟಲ್ಲಮ್ಮ," ಎಂದರು ಅಜ್ಜ.

"ಮುಟ್ಟಿ. ಕನ್ನಡಕ ಹಾಕ್ಕೊಂಡು ಮುಟ್ಟಿ."

ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೊಮ್ಮಗಳು ಅದೇ ಸಂಜೆ ಫೋನಿನಲ್ಲಿ ಎರಡು ಬೇರೆ ಬೇರೆ ಪಟ್ಟಿ ಮಾಡಿ, ಒಂದಕ್ಕೆ ಅಮ್ಮನದು, ಇನ್ನೊಂದಕ್ಕೆ ಆಕಾಶದ್ದು ಎಂದು ಹೆಸರಿಟ್ಟಳು. ಅಮ್ಮನದಕ್ಕೆ ಬೀಗ ಹಾಕಿದಳು.

ಎರಡು ವಾರದ ಮೇಲೆ ಪಶ್ಚಿಮಕ್ಕೆ ಸಣ್ಣ ಚಂದ್ರ ಮತ್ತೆ ಬಂದ. ಆ ದಿನ ಸೊಸೆ ಐದು ಗಂಟೆಗೇ ಬಟ್ಟೆ ತೆಗೆದು, ನಡುವಿನ ತಂತಿಯನ್ನೂ ಬಿಚ್ಚಿ ಸುತ್ತಿಟ್ಟಳು. ಮಗ ಮಂಚದ ಕೆಳಗಿನಿಂದ ಟೆಲಿಸ್ಕೋಪನ್ನು ಎಳೆದು ತಂದ. ಹಿಡಿಕೆಗೆ ಕ್ಲಿಪ್ಪುಗಳನ್ನು ಅಜ್ಜ ಕೇಳಲಿಲ್ಲ. ಸೊಸೆ ಬುಟ್ಟಿಯನ್ನು ತಂದು ಅವರ ಕಾಲ ಬಳಿ ಇಟ್ಟಳು, ಹನ್ನೊಂದನ್ನು ಎಣಿಸಿ ಕೊಟ್ಟಳು. ಉಂಗುರ ಎಣಿಸಿ ಆಯಿತು, ಪುಸ್ತಕದಲ್ಲಿ ಬರೆದೂ ಆಯಿತು. ಅಜ್ಜ ಕೊಳವೆಯನ್ನು ಚಂದ್ರನ ಕಡೆ ತಿರುಗಿಸಿ, ನೋಡ್ತೀಯೇನಮ್ಮ ಎಂದರು. ಆಮೇಲೆ ಎಂಬ ಉತ್ತರಕ್ಕೆ ಎಲ್ಲರೂ ಕಾದರು. ಸೊಸೆ ಕೈ ಒರೆಸಿಕೊಂಡಳು. ಸಾಬೂನು ಹಚ್ಚಿ ಎರಡು ಸಲ ತೊಳೆದುಕೊಂಡೇ ಬಂದಿದ್ದಳು.

ಅವಳು ಬಗ್ಗಿ ಕಣ್ಣಿಟ್ಟಳು. ಒಂದು ನಿಮಿಷ ಆಯಿತು, ಎರಡಾಯಿತು. ಚಂದ್ರ ಗಾಜಿನಿಂದ ಆಚೆ ಸರಿದಾಗ ಅಜ್ಜ ತಿರುಗಣೆ ತಿರುಗಿಸಿ ಹಿಂದಕ್ಕೆ ತಂದುಕೊಟ್ಟರು. ಅವಳು ಮತ್ತೆ ನೋಡಿದಳು. ಫೋಟೋದಲ್ಲಿ ನೂರು ಸಲ ಕಂಡದ್ದೇ, ಆದರೆ ಇದು ಬೇರೆ. ಆ ಕುಳಿಗಳ ಅಂಚಿಗೆ ಈಗ, ಈ ಗಳಿಗೆಯಲ್ಲಿ ಬಿಸಿಲು ತಾಗುತ್ತಿತ್ತು. ಇಷ್ಟು ದಿನ ತನ್ನ ತಂತಿಗಳ ಮೇಲೇ ಇದೆಲ್ಲ ಇತ್ತು ಎಂದು ನೆನೆದು ಅವಳಿಗೆ ತುಂಬ ಸಂತೋಷವಾಯಿತು.

ವಾರದ ಮೇಲೆ, ಹುಣ್ಣಿಮೆಗೆ ಎರಡು ದಿನ ಮುಂಚಿನ ದೊಡ್ಡ ಚಂದ್ರನ ವಿಡಿಯೋವನ್ನು ಅವಳೇ ತೆಗೆದಳು. ಬೆಳಕು ಎಷ್ಟು ಎಳೆಯಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬಿಳಿ ಬಟ್ಟೆಯ ಫೋಟೋ ನಾಲ್ಕು ವರ್ಷ ತೆಗೆದವಳು. ಮೊಮ್ಮಗಳು ಮುನ್ನೂರು ಚಿತ್ರ ಕೂಡಿಸಿದಳು. ಮಗ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಅದನ್ನು ತಟ್ಟೆಯಷ್ಟಗಲಕ್ಕೆ ಅಚ್ಚು ಹಾಕಿಸಿ ತಂದ. ಅಜ್ಜ ಇಸ್ತ್ರಿ ಕೋಣೆಯಲ್ಲಿ, ಗಿರಾಕಿಗಳು ಬಂದು ನಿಲ್ಲುವ ಜಾಗದ ಎದುರು ಗೋಡೆಗೆ, ಮಟ್ಟ ನೋಡಿ ಮೊಳೆ ಹೊಡೆದು ತೂಗುಹಾಕಿದರು.

ಎಲ್ಲರೂ ಹಿಂದೆ ಸರಿದು ನೋಡಿದರು. ಬೆಳ್ಳನೆಯ ಚಂದ್ರ, ಮೈಮೇಲೆ ಅದೇ ಹಳೆಯ ಬೂದು ಕಲೆಗಳು. ಸೊಸೆ ಸ್ವಲ್ಪ ಹೊತ್ತು ನೋಡಿದವಳು ಮೇಜಿನ ಖಾನೆ ಎಳೆದು, ಒಂದು ಬಿಳಿ ಚೀಟಿ ತೆಗೆದು, ಕ್ಲಿಪ್ಪಿನಿಂದ ಅದನ್ನು ಚಿತ್ರದ ಕೆಳ ಅಂಚಿಗೆ ಸಿಕ್ಕಿಸಿದಳು.

ಅಜ್ಜ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಹತ್ತಿರ ಹೋಗಿ, ಗಟ್ಟಿಯಾಗಿ ಓದಿದರು.

"ಬರುವಾಗಲೇ ಇದ್ದದ್ದು."